ಎಮ್ಮೆ ಹುಡುಕಿಕೊಟ್ಟ ನಡುಗಡ್ಡೆ

ಆಲಮಟ್ಟಿ ಹಿನ್ನೀರಿನಲ್ಲಿ ನಮ್ಮ ಮನೆತನದ್ದೊಂದು ನಡುಗಡ್ಡೆ ಇದೆ. ದೊಡ್ಡದೇನಲ್ಲ, ಈ ತುದಿಯಲ್ಲಿ ನಿಂತು ಕೂಗಿದರೆ ಆ ತುದಿಗೆ ಕೇಳುತ್ತದೆ. ಒಂದು ಓರೆ ಬೇವಿನ ಮರ, ಒಂದಿಷ್ಟು ಜಾಲಿ ಕಂಟಿ, ಉಳಿದದ್ದು ಕೆಂಪು ಮಣ್ಣಿನ ಹೊಲ.

ಮೊದಲು ಅದು ನಡುಗಡ್ಡೆಯಾಗಿರಲಿಲ್ಲ. ನಮ್ಮ ಹೊಲದ ಎತ್ತರದ ಭಾಗವನ್ನು ‘ದಿನ್ನಿ’ ಎನ್ನುತ್ತಿದ್ದೆವು. ಕೆಳಗಿನ ಕಪ್ಪು ನೆಲದಲ್ಲಿ ಜೋಳ, ಕಡಲೆ ಬೆಳೆದರೆ ದಿನ್ನಿಯ ಮೇಲೆ ಎಮ್ಮೆ ಮೇಯುತ್ತಿದ್ದವು. ಹಿನ್ನೀರು ಬರುತ್ತದೆಂದು ಊರಿಗೆ ಊರೇ ಎದ್ದು ಪುನರ್ವಸತಿ ಕೇಂದ್ರಕ್ಕೆ ಬಂದಾಗ ಎಲ್ಲವೂ ಮುಳುಗಿತೆಂದುಕೊಂಡೆವು. ಅಪ್ಪ ಆಮೇಲೆ ಆ ಕಡೆ ಹೋಗಲೇ ಇಲ್ಲ.

ಆ ವರ್ಷ ನಾನು ಬಾಗಲಕೋಟೆಯಲ್ಲಿ ಕಾಲೇಜು ಸೇರಿದ್ದೆ. ರಜೆಗೆ ಮನೆಗೆ ಬಂದಿದ್ದಾಗ ಒಂದು ಬೆಳಿಗ್ಗೆ ನೋಡಿದರೆ ದೊಡ್ಡವ್ವ, ಅಂದರೆ ನನ್ನ ದೊಡ್ಡಪ್ಪನ ಹೆಂಡತಿ, ಅಂಗಳದಲ್ಲಿ ಹರಿದ ಹಗ್ಗ ಹಿಡಿದು ನಿಂತಿದ್ದಳು. ಗಬ್ಬದ ಎಮ್ಮೆ ನಾಪತ್ತೆ. ಇಂದೋ ನಾಳೆಯೋ ಈಯಬೇಕಿದ್ದ ಎಮ್ಮೆ! ಇಬ್ಬರೂ ಓಣಿ ಓಣಿ ಸುತ್ತಿ, ಕಡೆಗೆ ನೀರಿನ ದಂಡೆಗೆ ಬಂದೆವು. ಅಲ್ಲಿ ಬಲೆ ಬಿಡಿಸುತ್ತಿದ್ದ ಮೀನುಗಾರ ತಲೆ ಎತ್ತಿದ.

“ಎಮ್ಮಿ ಹುಡುಕಾಕತ್ತೀರೇನ್ರಿ ಅಕ್ಕಾರ? ಮುಂಜಾನೆ ಒಂದು ಈಜಕೋತ ಹೊಂಟಿತ್ತು. ಆ ನಡುಗಡ್ಡಿ ಮ್ಯಾಲ ಏರ್ತು.”

“ಯಾವ ನಡುಗಡ್ಡಿಪಾ?”

ಅವನು ಕೈ ಚಾಚಿದ. ನೀರಿನ ನಡುವೆ ಒಂದು ಹಸಿರು ದಿಬ್ಬ, ಅದರ ನೆತ್ತಿಯ ಮೇಲೆ ಬಲಕ್ಕೆ ವಾಲಿದ ಮರ. ದೊಡ್ಡವ್ವ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಯವ್ವಾ, ಅದು ನಮ್ಮ ಬೇವಿನ ಗಿಡ! ಅದು ನಮ್ಮ ದಿನ್ನಿ ಅದ! ಏ ತಮ್ಮಾ, ತೆಪ್ಪ ತೆಗಿ, ಲಗೂನ ತೆಗಿ!”

ನನಗೆ ಈಜು ಬಾರದು, ಅವಳಿಗೂ ಬಾರದು. ಆದರೂ ಸೀರೆ ಕಚ್ಚೆ ಹಾಕಿ ಮೊದಲು ತೆಪ್ಪ ಹತ್ತಿದವಳು ಅವಳೇ. ದಾರಿಯುದ್ದಕ್ಕೂ ನೀರಿಗೆ ಬೆರಳು ತೋರಿಸುತ್ತಾ, “ಇಲ್ಲಿ ನಮ್ಮ ಬಾವಿ ಇತ್ತು, ಇಲ್ಲಿ ಕಣ ಇತ್ತು” ಎಂದು ಹೇಳುತ್ತಲೇ ಇದ್ದಳು. ತೆಪ್ಪ ನೆಲ ಮುಟ್ಟುವ ಮೊದಲೇ ಮೊಣಕಾಲುದ್ದದ ನೀರಿಗೆ ಇಳಿದು ಓಡಿದಳು.

ಬೇವಿನ ಬುಡದಲ್ಲಿ ಎಮ್ಮೆ ಒದ್ದೆ ಕರುವನ್ನು ನೆಕ್ಕುತ್ತಿತ್ತು. ಕರು ಎದ್ದು ನಿಲ್ಲಲು ಹೋಗಿ ಮುಗ್ಗರಿಸುತ್ತಿತ್ತು. ದೊಡ್ಡವ್ವ ಒಂದು ಸಲ ಕರುವನ್ನು ಸವರಿದಳು, ಒಂದು ಸಲ ಮಣ್ಣನ್ನು ಸವರಿದಳು. ಅಳುತ್ತಿದ್ದಳೋ ನಗುತ್ತಿದ್ದಳೋ ಗೊತ್ತಾಗಲಿಲ್ಲ.

“ಮುಳಗಿಲ್ಲ ನೋಡ, ಮುಳಗಿಲ್ಲ!”

ಮರಳುವಾಗ ಕರು ನನ್ನ ತೊಡೆಯ ಮೇಲಿತ್ತು. ಎಮ್ಮೆ ಬುಸುಗುಡುತ್ತಾ ತೆಪ್ಪದ ಪಕ್ಕದಲ್ಲೇ ಈಜಿತು. ದಡ ಮುಟ್ಟುವವರೆಗೂ ಕರುವನ್ನು ಎರಡೂ ಕೈಗಳಿಂದ ಅವಚಿಕೊಂಡಿದ್ದೆ.

ಅಪ್ಪ ಮೊದಲು ನಂಬಲಿಲ್ಲ. “ಅತ್ತಿಗಿ, ನೀರಾಗ ಎಲ್ಲಾ ದಿಬ್ಬಾನೂ ಒಂದ ನಮೂನಿ ಕಾಣ್ತಾವ” ಎಂದ. ಮರುದಿನ ತಾನೇ ಹೋಗಿ ನೋಡಿ ಬಂದ. ಆಮೇಲೆ ಭೂಸ್ವಾಧೀನ ಕಚೇರಿಗೆ ಹೋಗಿ ವಿಚಾರಿಸಿದ. ನೀರಿನ ಮಟ್ಟಕ್ಕಿಂತ ಮೇಲಿದ್ದುದರಿಂದ ದಿನ್ನಿಯನ್ನು ಸರ್ಕಾರ ತೆಗೆದುಕೊಂಡೇ ಇರಲಿಲ್ಲ. ಅದು ಇನ್ನೂ ನಮ್ಮದೇ!

ಮುಂದಿನ ಮುಂಗಾರಿಗೆ, ನೀರು ಇಳಿದಿದ್ದಾಗ, ಎತ್ತುಗಳನ್ನು ಕೆಸರಿನಲ್ಲೇ ನಡೆಸಿಕೊಂಡು ಹೋಗಿ ತೊಗರಿ, ಎಳ್ಳು ಬಿತ್ತಿದೆವು. ಕಳೆ ತೆಗೆಯುವ ಹೊತ್ತಿಗೆ ಸುತ್ತಲೂ ನೀರು ತುಂಬಿತ್ತು. ಆಳುಗಳು ತೆಪ್ಪದಲ್ಲಿ ಹಾಡುತ್ತಾ ಬಂದರು. ಚಳಿಗಾಲದಲ್ಲಿ ಎಲ್ಲಿಂದಲೋ ಹೆಬ್ಬಾತುಗಳ ಹಿಂಡು ಬಂದಿಳಿದಾಗ ದೊಡ್ಡವ್ವ ಓಡಿಸಲು ಕವಣೆ ಎತ್ತಿಕೊಂಡಳು. ಆದರೆ ಕಲ್ಲು ಬೀಸದೆ ನೋಡುತ್ತಾ ನಿಂತುಬಿಟ್ಟಳು.

ಈಗ ನಾನು ಬಾಗಲಕೋಟೆಯಲ್ಲಿ ಪಾಠ ಹೇಳುತ್ತೇನೆ. ಫಲ ಹೊತ್ತ ಭೂಮಿಗೆ ಎಡೆ ಹಿಡಿಯುವ ಶೀಗಿ ಹುಣ್ಣಿಮೆಗೆ ಮಾತ್ರ ರಜೆ ಹಾಕುತ್ತೇನೆ. ಈ ಸಲ ಎರಡು ದೋಣಿ ತುಂಬ ಜನ, ಬುಟ್ಟಿ ತುಂಬ ಕಡುಬು, ರೊಟ್ಟಿ, ಪುಂಡಿಪಲ್ಯೆ. ಹೂ ಬಿಟ್ಟ ತೊಗರಿಯ ಸಾಲುಗಳಲ್ಲಿ ಎಡೆಯ ತುತ್ತನ್ನು ಭೂಮಿಗೆ ಚರಗವೆಂದು ಚೆಲ್ಲುತ್ತಾ ಅಪ್ಪ ಮುಂದೆ ಹೋದರೆ, ದೊಡ್ಡವ್ವ ಬೇವಿನ ನೆರಳಲ್ಲಿ ಕುಳಿತು ಎಲ್ಲರನ್ನೂ ಕೂಗುತ್ತಿದ್ದಳು:

“ಬರ್ರಿ, ಲಗೂ ಬರ್ರಿ! ಕಡಬು ಆರಿದ ಮ್ಯಾಲ ಏನ್ ಚಂದ?”

ಕೈಯಲ್ಲಿದ್ದುದನ್ನು ಬಿಟ್ಟು ಎಲ್ಲರೂ ಓಡಿದೆವು.