ಮೂರನೆಯವರ ಹೆಸರು

ಇಂಥ ಕತೆಗಳನ್ನು ಯಾರಾದರೂ ಶುರುಮಾಡಿದರೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದವಳು ನಾನು. ಗುಂಡ್ಲುಪೇಟೆಯ ಶಾಲೆಯಲ್ಲಿ ಇದ್ದಷ್ಟು ಕಾಲವೂ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟೆ. ಹುಣಸೆಮರದ ಹತ್ತಿರ ಏನೋ ಕಂಡಿತೆಂದು ಜ್ವರ ಬರಿಸಿಕೊಂಡ ಟೀಚರೊಬ್ಬರಿಗೆ ಮೊದಲು ಕನ್ನಡಕ ಬದಲಾಯಿಸಿ ಎಂದು ಮುಖಕ್ಕೇ ಹೇಳಿದ್ದೆ. ಅಂಥ ನಾನೇ ಈಗ ಇದನ್ನು ಬರೆಯಲು ಕೂತಿದ್ದೇನೆ. ನೀವು ನಕ್ಕರೆ ನನಗೆ ಬೇಸರವಿಲ್ಲ.

ಮನೆಮನೆಗೂ ಮೊಬೈಲ್ ಬರುತ್ತಿದ್ದ ಕಾಲ ಅದು, ಎರಡು ಸಾವಿರದ ಐದೋ ಆರೋ ಇಸವಿ. ಮೊಮ್ಮಗಳು ರೂಪಾಳಿಗೆ ಮದುವೆ ಗೊತ್ತಾಗಿತ್ತು. ಅವಳ ತಾಯಿ, ಅಂದರೆ ನನ್ನ ಒಬ್ಬಳೇ ಮಗಳು, ರೂಪಾ ಅಂಗನವಾಡಿಗೆ ಹೋಗುತ್ತಿದ್ದಾಗಲೇ ತೀರಿಕೊಂಡಳು. ಸಾಕಿದವಳು ನಾನು. ಇನ್ನೊಂದು ಮನೆ ಸೇರಿದ ಮೇಲೆ ಹೀಗೆ ಹೊರಡುವುದು ಆಗದ ಮಾತು ಎಂದು ಅವಳು ಹಟ ಹಿಡಿದಳು: ನಾವಿಬ್ಬರೇ ಒಂದು ಪ್ರವಾಸ ಹೋಗಬೇಕು. ಚಾಮರಾಜನಗರದಿಂದ ಬಸ್ಸಿನಲ್ಲಿ ಘಟ್ಟ ಇಳಿದು ಕೊಯಮತ್ತೂರು, ಅಲ್ಲಿಂದ ರೈಲಿನಲ್ಲಿ ಮಧುರೆ, ಆಮೇಲೆ ರಾಮೇಶ್ವರ, ಕನ್ಯಾಕುಮಾರಿ. ಬರುವಾಗ ಕೇರಳದ ಕಡೆಯಿಂದ ಸುತ್ತಿ ಗುಂಡ್ಲುಪೇಟೆಗೇ ಬಂದಿಳಿಯುವುದು.

ಇಬ್ಬರು ಹೆಂಗಸರೇ ಯಾಕೆ, ಟೂರಿನ ಬಸ್ಸಿನಲ್ಲಿ ಹೋಗಿ ಎಂದು ಬೀದಿಯವರೆಲ್ಲ ಬುದ್ಧಿ ಹೇಳಿದರು. ಯಾರೋ ಸೀಟಿ ಊದಿದಾಗ ಉಂಡು, ಸೀಟಿ ಊದಿದಾಗ ಏಳುವ ಪ್ರವಾಸ ನನಗೆ ಬೇಡವಾಗಿತ್ತು. ನನ್ನ ಯಜಮಾನರು ಮದುವೆಯಾದ ಹೊಸದರಲ್ಲೇ ಕನ್ಯಾಕುಮಾರಿ ತೋರಿಸುತ್ತೇನೆ ಎಂದಿದ್ದರು. ರಿಟೈರ್ ಆಗಲಿ, ಆಗಲಿ ಎಂದು ಮುಂದೂಡುತ್ತಲೇ ಬಂದು, ರಿಟೈರ್ ಆದ ವರ್ಷವೇ ನನ್ನನ್ನು ಬಿಟ್ಟುಹೋದರು. ಆ ಸಿಟ್ಟು ನನಗಿನ್ನೂ ಇಳಿದಿರಲಿಲ್ಲ. ಆದರೂ ಪ್ರವಾಸದ ಮಾತು ಶುರುವಾದಾಗಿನಿಂದ ಮನಸ್ಸು ಒಂದು ಕಡೆ ನಿಲ್ಲುತ್ತಿರಲಿಲ್ಲ. ಚೀಲ ತುಂಬುವುದು, ಬಿಚ್ಚುವುದು, ಮತ್ತೆ ತುಂಬುವುದು.

ರೈಲಿನ ಟಿಕೆಟ್ ಮಾಡಿಸಲು ಇಬ್ಬರೂ ಚಾಮರಾಜನಗರಕ್ಕೆ ಹೊರಟೆವು. ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನ ಹತ್ತಿರ ಇಡ್ಲಿ ತಿನ್ನಲು ಕೂತರೆ ಸಪ್ಲೈಯರ್ ಮೂರು ಲೋಟ ನೀರು ತಂದಿಟ್ಟ. ಅಭ್ಯಾಸಬಲ ಅಂದುಕೊಂಡೆ. ಬಸ್ಸಿನಲ್ಲಿ ಕಂಡಕ್ಟರ್ ಕೇಳುವ ಮೊದಲೇ ಮೂರು ಟಿಕೆಟ್ ಹರಿದ. ಇಬ್ಬರೇ ಕಣಪ್ಪ ಎಂದರೆ, "ಮೂರ್ ಜನ ಅಲ್ವಾ ಮೇಡಮ್, ನಾನೇ ನೋಡುದ್ನಲ್ಲ" ಎಂದು ನನ್ನನ್ನೇ ಗದರಿದ. ಹಿಂದಿನ ಸೀಟಿನಲ್ಲಿ ಯಾರೂ ಇರಲಿಲ್ಲ. ಲೆಕ್ಕದ ಟೀಚರಿಗೇ ಲೆಕ್ಕ ಹೇಳಿಕೊಡುತ್ತಾನಲ್ಲ ಎಂದು ರೂಪಾ ದಾರಿಯುದ್ದಕ್ಕೂ ನನ್ನನ್ನು ರೇಗಿಸಿದಳು.

ಚಾಮರಾಜನಗರದ ಅಂಗಡಿಯಲ್ಲಿ ಅವಳ ನಗು ನಿಂತಿತು. ಅಲ್ಲಿ ಕಂಪ್ಯೂಟರ್ ಇಟ್ಟುಕೊಂಡು ರೈಲಿನ ಟಿಕೆಟ್ ಮಾಡಿಕೊಡುವ ಒಬ್ಬರು ನಮಗೆ ಮೂರು ಕುರ್ಚಿ ಎಳೆದು ಹಾಕಿದರು. ನನ್ನ ಹೆಸರು ಬರೆದುಕೊಂಡರು, ರೂಪಾಳ ಹೆಸರು ಬರೆದುಕೊಂಡರು. ಆಮೇಲೆ ತಲೆ ಎತ್ತದೆ, "ಮೂರನೆಯವ್ರ ಹೆಸ್ರು, ವಯಸ್ಸು ಹೇಳಿ" ಎಂದರು. ನಾನು ತಿರುಗಿ ನೋಡಿದೆ. ಬಾಗಿಲಾಚೆ ಅರಿಶಿನದ ಮೂಟೆ ತುಂಬಿದ ಲಾರಿ ನಿಂತಿತ್ತು, ಅಷ್ಟೆ. ಅವರೂ ತಲೆ ಎತ್ತಿ ಆ ಖಾಲಿ ಕುರ್ಚಿಯನ್ನು ನೋಡಿ, "ಈಗ ಇಲ್ಲೇ ಇದ್ರಲ್ಲ" ಎಂದು ತಲೆ ಕೆರೆದುಕೊಂಡರು. ಮಟಮಟ ಮಧ್ಯಾಹ್ನ. ಎರಡೇ ಟಿಕೆಟ್ ಸಾಕು ಎಂದು ದುಡ್ಡು ಎಣಿಸಿ ಕೊಟ್ಟೆ.

ವಾಪಸ್ ಬರುವಾಗ ತೆರಕಣಾಂಬಿಯಲ್ಲಿ ಬಸ್ಸು ಪಂಕ್ಚರ್ ಆಯಿತು. ನೆರಳಿಗೆಂದು ಹೂವು ಮಾರುವ ಹೆಂಗಸಿನ ಪಕ್ಕ ನಿಂತೆವು. ರೂಪಾ ಅವಳ ಹತ್ತಿರ ಹೂವು ತೆಗೆದುಕೊಳ್ಳುತ್ತ ಕನ್ಯಾಕುಮಾರಿಗೆ ಹೋಗುತ್ತಿದ್ದೇವೆ ಎಂದಳು. ಆ ಹೆಂಗಸು ನಮ್ಮನ್ನು ಒಂದು ಸಲ ನೋಡಿ, ನಮ್ಮ ಪಕ್ಕದ ಜಾಗವನ್ನೂ ನೋಡಿ, ರಸ್ತೆಬದಿಯಿಂದ ಒಂದು ಸಣ್ಣ ಕಲ್ಲು ಎತ್ತಿ ರೂಪಾಳ ಕೈಗಿಟ್ಟಳು.

"ಮೂರ್ ಜನ ಒಂಟೋಗ್ಬಾರ್ದು ಕಣಮ್ಮಿ. ಇದ ಚೀಲದಲ್ಲಿ ಮಡಿಕೊ, ನಾಕಾಯ್ತದೆ."

ಮೂವರು ಹೊರಟರೆ ಕೆಲಸ ಕೆಡುತ್ತದೆಂದು ನಮ್ಮ ಕಡೆ ಹೀಗೆ ಒಂದು ಕಲ್ಲನ್ನು ಜೊತೆಗೆ ಕರೆದೊಯ್ಯುತ್ತಾರೆ. ನಾನು ಗೇಲಿ ಮಾಡುತ್ತಿದ್ದ ಪದ್ಧತಿ ಅದು. ಅವತ್ತು ನಗು ಬರಲಿಲ್ಲ. ರೂಪಾ ಕಲ್ಲನ್ನು ಮುಷ್ಟಿಯಲ್ಲಿ ಹಿಡಿದು ನನ್ನ ಕಿವಿಯ ಹತ್ತಿರ ಬಂದಳು.

"ಅಜ್ಜಿ, ಅಮ್ಮ ಇರ್ಬೋದಾ?"

ಆ ಕ್ಷಣದವರೆಗೆ ನನ್ನ ಮಗಳು ನನ್ನ ನೆನಪಿಗೇ ಬಂದಿರಲಿಲ್ಲ. ಬೆಳಗಿನ ಮೂರನೇ ಲೋಟದಿಂದಲೇ ನಾನು ಎಣಿಸುತ್ತಿದ್ದುದು ಯಜಮಾನರನ್ನು. ಕೊಟ್ಟ ಮಾತು ಉಳಿಸಿಕೊಳ್ಳಲು ಬಂದರೇನೋ ಎಂದು ನಂಬದ ಈ ಮನಸ್ಸು ಒಳಗೊಳಗೇ ಆಸೆಪಟ್ಟಿತ್ತು. ಹೂವಿನವಳನ್ನು ಕೇಳಿಬಿಟ್ಟರೆ ಆಯಿತು, ಗಂಡಸೋ ಹೆಂಗಸೋ ಎಂದು. ಬಾಯಿ ತೆರೆದೆ. ರೂಪಾಳ ಮುಖ ನೋಡಿದೆ. ತಾಯಿಯ ಮುಖ ಫೋಟೋದಲ್ಲಿ ಬಿಟ್ಟರೆ ನೆನಪಿಲ್ಲದ ಹುಡುಗಿ ಅದು. ಗಂಡಸು ಎಂಬ ಉತ್ತರ ಬಂದರೆ? ಬಾಯಿ ಮುಚ್ಚಿಕೊಂಡೆ.

ಮನೆಗೆ ಬಂದ ಮೇಲೆ ಪ್ರವಾಸವೇ ಬೇಡ ಎಂದುಬಿಟ್ಟೆ. ಮದುವೆಯಾಗಬೇಕಾದ ಹುಡುಗಿ, ಜೊತೆಗೆ ಬರುವುದು ಒಳ್ಳೆಯದೋ ಕೆಟ್ಟದ್ದೋ ಯಾರಿಗೆ ಗೊತ್ತು ಎಂಬ ಹೆದರಿಕೆ. ಅವಳು ಹಾಗಾದರೆ ಒಬ್ಬಳೇ ಹೋಗುತ್ತೇನೆ ಎಂದಳು. ಎರಡು ದಿನ ನಮ್ಮಿಬ್ಬರಿಗೂ ಅನ್ನ ಸೇರಲಿಲ್ಲ. ಕೊನೆಗೆ ನಾನೇ ಸೋತು ಹೊರಟೆ, ಕಲ್ಲು ಅವಳ ಚೀಲದಲ್ಲಿತ್ತು.

ಪ್ರವಾಸದಲ್ಲಿ ಏನೂ ನಡೆಯಲಿಲ್ಲ. ನನ್ನನ್ನು ಕಾಡಿದ್ದೂ ಅದೇ. ಮಧುರೆಯ ಹೋಟೆಲಿನಲ್ಲಿ ಎರಡು ಲೋಟ, ರಾಮೇಶ್ವರದ ಬಸ್ಸಿನಲ್ಲಿ ಎರಡು ಟಿಕೆಟ್. ಪ್ರತಿ ಸಲವೂ ಕೊಡುವವರ ಕೈಯನ್ನೇ ನೋಡುತ್ತಿದ್ದೆ, ರೂಪಾಳೂ ನೋಡುತ್ತಿದ್ದಳು. ಕನ್ಯಾಕುಮಾರಿಯಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ಟೀ ಮಾರುವವನು ಎಷ್ಟು ಎಂದು ಕೇಳಿದ. ನನ್ನ ಬಾಯಿಂದ ಮೂರು ಎಂದು ಬಂತು, ಬೆರಳೂ ತೋರಿಸಿದೆ. ಅವನು ನನ್ನನ್ನು ನೋಡಿದ, ರೂಪಾಳನ್ನು ನೋಡಿದ, ಅಕ್ಕಪಕ್ಕ ನೋಡಿ ಎರಡೇ ಟೀ ಕೊಟ್ಟ. ರೂಪಾ ಮುಖ ಸಮುದ್ರದ ಕಡೆ ತಿರುಗಿಸಿಕೊಂಡಳು. ನನಗೂ ಅಳು ಬಂತು, ಮುಚ್ಚಿಡಲಿಲ್ಲ.

ರೂಪಾ ಈಗ ಗಂಡನ ಮನೆಯಲ್ಲಿ ಸುಖವಾಗಿದ್ದಾಳೆ. ಆ ಕಲ್ಲು ಅವಳ ದೇವರ ಗೂಡಿನಲ್ಲಿದೆ. ಮದುವೆಗೆ ಮುಂಚೆ ಅಮ್ಮ ಬಂದು ನೋಡಿ ಹೋದಳು ಎಂದು ತನ್ನ ಮಗನಿಗೆ ಹೇಳುತ್ತಾಳೆ. ನಾನದನ್ನು ತಿದ್ದಲು ಹೋಗುವುದಿಲ್ಲ. ಒಬ್ಬರಿಗೊಬ್ಬರು ಗುರುತಿಲ್ಲದ ಅಷ್ಟು ಜನ ಒಂದೇ ದಿನ ಒಂದೇ ತಪ್ಪು ಎಣಿಸಿದ್ದು ಹೇಗೆ ಎಂಬುದನ್ನು ನನಗೆ ಇವತ್ತಿಗೂ ಬಿಡಿಸಲಾಗಿಲ್ಲ.

ಹೂವಿನವಳು ತೆರಕಣಾಂಬಿಯಲ್ಲಿ ಈಗಲೂ ಕೂರುತ್ತಾಳೆ. ಆ ಕಡೆ ಹೋದಾಗ ಅವಳ ಮುಂದೆ ನಿಲ್ಲುತ್ತೇನೆ. ಅವಳು ನನ್ನ ಪಕ್ಕ ನೋಡಿ, "ಇವತ್ತು ಒಬ್ರೇ ಬಂದ್ರಾ ಅವ್ವ?" ಎನ್ನುತ್ತಾಳೆ. ಅವತ್ತು ನಮ್ಮ ಜೊತೆ ಇದ್ದವರು ಯಾರಮ್ಮ ಎಂಬ ಮಾತು ನಾಲಿಗೆಯ ತುದಿಯವರೆಗೆ ಬರುತ್ತದೆ. ಹೌದು, ಒಬ್ಬಳೇ ಎಂದು ಹೇಳಿ ಹೂವು ತೆಗೆದುಕೊಂಡು ಬಸ್ಸು ಹತ್ತುತ್ತೇನೆ.