ಗದ್ದಲವಿಲ್ಲದ ಲೈನು

ಇಳಕಲ್ಲಿನ ಟೆಲಿಫೋನ್ ಲೈನ್‌ಮನ್ ಮಲಕಪ್ಪನಿಗೆ ಗಣಿತ ಬರುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಕಂಬ ಹತ್ತುವವನಿಗೆ ಗಣಿತ ಯಾತಕ್ಕೆ ಎಂದು ಮೂಗು ಮುರಿಯುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಬಾಗಲಕೋಟೆಯಲ್ಲಿ ಪಿ.ಯು.ಸಿ. ಮುಗಿಸಿ, ಸಿಕ್ಕ ನೌಕರಿ ಹಿಡಿದು, ಹನ್ನೊಂದು ವರ್ಷ ಕಂಬ ಹತ್ತಿ ಇಳಿದವನು ಅವನು. 1977ರಲ್ಲಿ ಇಲಾಖೆಯ ಪರೀಕ್ಷೆಯನ್ನೂ ಪಾಸು ಮಾಡಿದ. ಜೂನಿಯರ್ ಎಂಜಿನಿಯರ್ ಆಗಲು ಉಳಿದದ್ದು ಒಂದು ವರ್ಷದ ತರಬೇತಿ ಅಷ್ಟೇ. ಅದಕ್ಕೆ ಮೂರು ಸಲ ಕರೆ ಬರುತ್ತಿತ್ತು. ಮೂರಕ್ಕೂ ಹೋಗದಿದ್ದರೆ ಪಾಸಾದದ್ದು ರದ್ದು.

ಎರಡು ಕರೆ ಬಂದು ಹೋಗಿದ್ದವು. ಎರಡಕ್ಕೂ ಬಾಗಲಕೋಟೆಯ ಸಾಹೇಬರು ‘ಈತನನ್ನು ಬಿಟ್ಟುಕೊಡಲಾಗದು’ ಎಂದು ಷರಾ ಬರೆದಿದ್ದರು. ಕಾರಣ, ಇಳಕಲ್ಲಿನಿಂದ ಹುನಗುಂದಕ್ಕೆ ಹೋಗುವ ಟೆಲಿಫೋನ್ ಲೈನು. ಪರವೂರಿನ ಫೋನೆಲ್ಲ ಅದರ ಮೇಲೇ ಹಾಯಬೇಕು. ರಸ್ತೆಗುಂಟ ಕರೆಂಟಿನ ದೊಡ್ಡ ಲೈನು ಬಂದಾಗಿನಿಂದ ಅದರಲ್ಲಿ ಗುಂಯ್ ಎಂಬ ಸದ್ದು ಸೇರಿಕೊಂಡಿತ್ತು. ಸೀರೆ ವ್ಯಾಪಾರಿಗಳು ಸೊಲ್ಲಾಪುರಕ್ಕೆ ಟ್ರಂಕ್ ಕಾಲ್ ಹಚ್ಚಿ ಗಂಟಲು ಹರಿಯುವಂತೆ ಒದರುತ್ತಿದ್ದರು. ಓಣಿಗೆಲ್ಲ ಕೇಳುತ್ತಿತ್ತು, ಸೊಲ್ಲಾಪುರದವನಿಗೆ ಮಾತ್ರ ಕೇಳುತ್ತಿರಲಿಲ್ಲ.

ಯಾವ ಕಂಬದ ಜೋಡಣೆ ಬಿಗಿ ಮಾಡಿದರೆ ಸದ್ದು ಎರಡು ದಿನ ತಗ್ಗುತ್ತದೆ ಎಂಬುದು ಕಿವಿಯಿಂದಲೇ ತಿಳಿಯುತ್ತಿದ್ದದ್ದು ಮಲಕಪ್ಪನೊಬ್ಬನಿಗೆ. ಜೊತೆಗಾರ ಲಾಡಸಾಬ ಕಂಬಕ್ಕೆ ಉಡದಂತೆ ಅಂಟಿಕೊಳ್ಳುತ್ತಿದ್ದ, ಆದರೆ ಕಿವಿ ಅಷ್ಟಕ್ಕಷ್ಟೇ.

“ನೀ ಹ್ವಾದ್ರ ಇಳಕಲ್ಲಿನವ್ರು ನನ್ನ ಹರ್ಕೊಂಡು ತಿಂತಾರಪಾ,” ಎಂದಿದ್ದರು ಸಾಹೇಬರು. “ಲೈನ್ ಒಮ್ಮಿ ನೆಟ್ಟಗಾಗ್ಲಿ. ಲಾಡಸಾಬಗ ಚಾರ್ಜ್ ಕೊಟ್ಟು ಮರುದಿನಾನ ಹೋಗು.”

ಕೆಲಸಗೇಡಿಯಾಗಿದ್ದರೆ ಮೊದಲ ಕರೆಗೇ ಹೋಗಿರುತ್ತಿದ್ದ. ಇದೆಂಥ ನ್ಯಾಯ? ಆದರೂ ಮಲಕಪ್ಪ ಸಾಹೇಬರ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡ. ತಾನಿಲ್ಲದಿದ್ದರೂ ಸುಮ್ಮನಿರುವಂಥ ಲೈನು ಮಾಡಬೇಕು, ಆಗ ತನಗೆ ಬಿಡುಗಡೆ.

ಲೈನೆಂದರೆ ಎರಡು ತಂತಿ. ಕರೆಂಟಿಗೆ ಹತ್ತಿರದ ತಂತಿ ಹೆಚ್ಚು ಸದ್ದು ಹೀರುತ್ತದೆ, ದೂರದ್ದು ಕಡಿಮೆ. ಅದಕ್ಕೇ ಎಂಟು ಕಂಬಕ್ಕೊಮ್ಮೆ ಅವೆರಡರ ಜಾಗ ಅದಲುಬದಲು ಮಾಡಿರುತ್ತಾರೆ, ಈ ಭಾಗದ ಸದ್ದನ್ನು ಮುಂದಿನ ಭಾಗ ಹೊಡೆದುಹಾಕಲಿ ಎಂದು. ಕಾಗದದ ಮೇಲೆ ಚೆಂದ. ಆದರೆ ಕರೆಂಟಿನ ಲೈನು ಎಲ್ಲೋ ಹತ್ತು ಮಾರು ದೂರ, ಎಲ್ಲೋ ಹೊಲ ಹಾಯ್ದು ನೂರು ಮಾರು ದೂರ. ಹತ್ತಿರದ ಭಾಗದ ಸದ್ದನ್ನು ದೂರದ ಭಾಗ ಹೊಡೆಯುವುದು ಹೇಗೆ?

ನಾಲ್ಕು ತಿಂಗಳ ರವಿವಾರಗಳನ್ನು ಇದಕ್ಕೇ ಸುರಿದ. ಲಾಡಸಾಬ ಹಗ್ಗದ ತುದಿ ಹಿಡಿದು ಹತ್ತಿಯ ಹೊಲದಲ್ಲಿ ಕರೆಂಟಿನ ಲೈನಿನ ಕೆಳಗೆ, ಇವನು ಕಂಬದ ಬುಡದಲ್ಲಿ. ಹೀಗೆ ಇನ್ನೂರ ಹನ್ನೊಂದು ಕಂಬ ಅಳೆದರು. ವಕ್ರರೇಖೆಯ ಕೆಳಗಿನ ಕ್ಷೇತ್ರಫಲ ತೆಗೆಯುವ ಪಿ.ಯು.ಸಿ.ಯ ಲೆಕ್ಕ ಪರೀಕ್ಷೆಯ ಹಾಳೆ ಬಿಟ್ಟು ಮೊದಲ ಸಲ ರಸ್ತೆಗಿಳಿಯಿತು. ದೂರಕ್ಕೆ ತಕ್ಕ ಸದ್ದಿನ ರೇಖೆ ಎಳೆದ. ಒಂದು ತಂತಿಯನ್ನು ಗುರುತಿಟ್ಟು, ಅದು ಬಲಕ್ಕಿದ್ದಲ್ಲಿ ಕೂಡಿದ, ಎಡಕ್ಕಿದ್ದಲ್ಲಿ ಕಳೆದ. ಒಟ್ಟು ಸೊನ್ನೆಯಾಗುವಂತೆ ಅದಲುಬದಲಿನ ಕಂಬಗಳನ್ನು ಹೊಸದಾಗಿ ಆರಿಸಿದ, ಎಲ್ಲೋ ಮೂರಕ್ಕೊಂದು, ಎಲ್ಲೋ ಹದಿನೇಳಕ್ಕೊಂದು.

“ಒಂದು ಸೊನ್ನಿ ಬರಾಕ ಇಷ್ಟು ಹೆಣಗಬೇಕೇನ್ರಿ?” ಎಂದಳು ಹೆಂಡತಿ ಸಿದ್ದಲಿಂಗವ್ವ.

“ಸೊನ್ನಿ ಬಂದ್ರ ನಾವು ಈ ಊರಿಂದ ಹೊಂಟ್ವಿ ನೋಡ.”

1980ರ ಯುಗಾದಿಯ ಹೊತ್ತಿಗೆ ತಂತಿಗಳೆಲ್ಲ ಹೊಸ ಜಾಗ ಹಿಡಿದವು. ಕೊನೆಯ ಕಂಬದ ಮೇಲೆ ಕೂತು ಫೋನು ಕಿವಿಗಿಟ್ಟರೆ ಏನೂ ಇಲ್ಲ. ಮಲಕಪ್ಪ ಅಲ್ಲೇ ಅತ್ತುಬಿಟ್ಟ, ಖುಷಿಗೆ. ವ್ಯಾಪಾರಿಗಳು ಮೊದಲ ವಾರ ರೂಢಿಯಂತೆ ಒದರಿದರು, ಆಮೇಲೆ ಮನುಷ್ಯರಂತೆ ಮಾತಾಡಿದರು. ಐದು ತಿಂಗಳು ಒಂದೂ ದೂರಿಲ್ಲ.

ಶ್ರಾವಣದಲ್ಲಿ ಮೂರನೆಯ ಕರೆ ಬಂತು. ಸಿದ್ದಲಿಂಗವ್ವ ಟ್ರಂಕು ತುಂಬತೊಡಗಿದಳು. ಅದೇ ವಾರ ಲಾಡಸಾಬ ಸಪ್ಪೆ ಮುಖ ಹೊತ್ತು ಮನೆಗೆ ಬಂದು ಕಾಗದ ಚಾಚಿದ. “ಮಲಕಪ್ಪಣ್ಣ, ನನ್ನ ಬಾದಾಮಿಗಿ ಹಾಕ್ಯಾರ.”

ದೂರಿಲ್ಲದ ಲೈನಿಗೆ ಇಬ್ಬರು ಯಾಕೆ ಎಂದು ಮೇಲಿನವರು ಒಂದು ಹುದ್ದೆ ಕಿತ್ತುಹಾಕಿದ್ದರು. ಮಲಕಪ್ಪ ಎಕ್ಸ್‌ಚೇಂಜಿಗೆ ಓಡಿ ಬಾಗಲಕೋಟೆಗೆ ಫೋನು ಹಚ್ಚಿದ.

“ಸಾಹೇಬ್ರ, ಚಾರ್ಜ್ ಯಾರಿಗಿ ಕೊಡ್ಲಿರಿ?”

“ಯಾರದಾರಪಾ? ಇರಾಂವ ನೀ ಒಬ್ಬನ. ನಿನ್ನ ಹ್ಯಾಂಗ ಬಿಡ್ಲಿ?”

“ಹಂಗಾರ ಲೈನ್ ಮತ್ತ ಕೆಡಿಸಿಬಿಡ್ಲೇನ್ರಿ?”

“ಕೆಡಿಸಿದ್ರ ದೂರು ಬರ್ತಾವು. ದೂರು ಬಂದ್ರ ನೀ ಬೇಕಾಗ್ತಿ.”

ಸಾಹೇಬರು ಹೇಳಿದ್ದು ಖರೆ, ಸಂಕಟವೂ ಅದೇ. ಗದ್ದಲ ಕೂಡಿದರೂ ಕಳೆದರೂ ಉತ್ತರ ಇಳಕಲ್ಲೇ ಬರುತ್ತಿತ್ತು.

“ಮತ್ತೊಂದು ಮಾತು,” ಸಾಹೇಬರ ದನಿ ಮೆತ್ತಗಾಯಿತು. “ಮೂರನೇ ಸಲಾನೂ ನಾನ ಬ್ಯಾಡ ಅಂದ್ರ ಮ್ಯಾಲಿನವ್ರು ನನ್ನ ಕುತ್ತಿಗಿ ಹಿಡೀತಾರ. ಮನಿ ಅಡಚಣಿ, ಹೋಗಾಕ ಮನಸ್ಸಿಲ್ಲ ಅಂತ ನೀನ ಹೇಳಿಬಿಡು. ಇಲ್ಲಿ ಕ್ಲಾರ್ಕ್ ಬರಕೊಳ್ತಾನ, ಸಹಿ ಆಮ್ಯಾಲ ಮಾಡೀಯಂತ.”

ಬಾಗಲಕೋಟೆಯಲ್ಲಿ ಯಾರೋ ಕುರ್ಚಿ ಎಳೆದುಕೊಂಡದ್ದು, ಹಾಳೆ ಸರಿಸಿದ್ದು ಮಲಕಪ್ಪನಿಗೆ ಕೇಳಿಸಿತು. ಒಮ್ಮೆ ಗುಂಯ್ ಎನ್ನಬಾರದೇ ಈ ಹಾಳು ಲೈನು ಎಂದು ಅವನ ಜೀವ ಬಾಯಿಬಾಯಿ ಬಿಟ್ಟಿತು. ಮಾತು ದಾರಿಯಲ್ಲೇ ಎಲ್ಲಾದರೂ ಕಳೆದುಹೋಗಲಿ ಎಂದು ಬಾಯೊಳಗೇ ಅಂದ:

“ನನಗ... ಹೋಗಾಕ ಮನಸ್ಸಿಲ್ರಿ.”

“ಹಾಂ, ಸಾಕು,” ಎಂದರು ಸಾಹೇಬರು. “ಭಾಳ ಸ್ವಚ್ಛ ಕೇಳ್ತು.”