ಅತ್ತೆಯ ಪ್ರಿಂಟರಿನಲ್ಲಿ ನನ್ನ ಅರ್ಜಿ

ನಮ್ಮ ಮನೆಯಲ್ಲಿ ಪ್ರಿಂಟರಿನ ಒಡತಿ ಅತ್ತೆ. ಊರಿನ ಭಜನಾ ಮಂಡಳಿಯ ಹೆಂಗಸರಿಗೆ ಕಣ್ಣಿಗೆ ಕಾಣುವ ಹಾಗೆ ದೊಡ್ಡ ಅಕ್ಷರದಲ್ಲಿ ಹಾಡು ಮುದ್ರಿಸಿ ಕೊಡುವುದು ಅವರ ಕೆಲಸ. ಅದಕ್ಕೆಂದೇ ಮನೆಯ ಮುಂಭಾಗದ ಚಾವಡಿಯ ಮೂಲೆಯಲ್ಲಿ ಅವರದ್ದೊಂದು ಹಳೆಯ ಕಂಪ್ಯೂಟರ್, ಅದಕ್ಕೆ ವಯರಿನಲ್ಲಿ ಜೋಡಿಸಿದ ಪ್ರಿಂಟರ್. ನನ್ನ ಲ್ಯಾಪ್‌ಟಾಪ್ ಒಳಗಿನ ಕೋಣೆಯಲ್ಲಿ. ಏನಾದರೂ ಮುದ್ರಿಸಬೇಕಾದರೆ ನಾನು ಪೆನ್‌ಡ್ರೈವ್ ಹಿಡಿದುಕೊಂಡು ಹೋಗಿ, ಅತ್ತೆ ಕುರ್ಚಿ ಬಿಟ್ಟುಕೊಡುವ ತನಕ ಕಾಯಬೇಕಿತ್ತು. ಕಾಯುವುದು ನನ್ನ ಜಾಯಮಾನದಲ್ಲೇ ಇಲ್ಲ.

ಕೊನೆಗೆ ಒಂದು ಭಾನುವಾರ ಗಂಡ ಎರಡು ಕಂಪ್ಯೂಟರುಗಳನ್ನೂ ಮನೆಯ ವೈಫೈ ಮೂಲಕ ಜೋಡಿಸಿಕೊಟ್ಟರು. ‘ಮನೆ’ ಎಂಬ ಫೋಲ್ಡರಿಗೆ ಯಾರು ಏನು ಹಾಕಿದರೂ ಇಬ್ಬರಿಗೂ ಕಾಣುತ್ತಿತ್ತು. ಪ್ರಿಂಟರೂ ಇಬ್ಬರದಾಯಿತು.

“ಅಮ್ಮನ ಕಂಪ್ಯೂಟರ್ ಮಾತ್ರ ಆನ್ ಇರ್ಬೇಕು. ಇಲ್ಲದಿದ್ರೆ ನೀನು ಕಳಿಸಿದ್ದು ಅಲ್ಲೇ ಕಾದು ಕೂತುಕೊಳ್ತದೆ,” ಎಂದರು. ನಾನು ತಲೆಯಾಡಿಸಿದೆ. ಕೇಳಿಸಿಕೊಳ್ಳಲಿಲ್ಲ.

ಆ ಏಪ್ರಿಲಿನಲ್ಲಿ ಕಡಬದ ಹತ್ತಿರದ ಒಂದು ಶಾಲೆಗೆ ಗಣಿತದ ಟೀಚರ್ ಬೇಕೆಂದು ತಿಳಿಯಿತು. ಬಿ.ಎಡ್. ಮುಗಿಸಿದ ವರ್ಷವೇ ನನ್ನ ಮದುವೆ, ಮರುವರ್ಷ ಮಗಳು. ಕೆಲಸದ ಮಾತು ಹಾಗೆಯೇ ಮೂಲೆಗೆ ಬಿದ್ದಿತ್ತು. ಈ ಕೆಲಸ ನನಗೆ ಬೇಕಿತ್ತು, ತುಂಬಾ ಬೇಕಿತ್ತು. ಆದರೆ ಸಿಗದಿದ್ದರೆ? ಮನೆಮಂದಿಯ ಮುಂದೆ ಮುಖ ಸಣ್ಣ ಮಾಡಿಕೊಳ್ಳಲು ನನಗೆ ಮನಸ್ಸಿರಲಿಲ್ಲ. ಗಂಡನಿಗೂ ಹೇಳಲಿಲ್ಲ. ಅತ್ತೆಗಂತೂ ಸುಳಿವೂ ಸಿಗಬಾರದೆಂದು ಅರ್ಜಿಯನ್ನು ‘ಮನೆ’ ಫೋಲ್ಡರಿಗೆ ಹಾಕದೆ ನನ್ನಲ್ಲೇ ಬಚ್ಚಿಟ್ಟೆ. ಅವರು ಮಧ್ಯಾಹ್ನ ಮಲಗಿದಾಗ ಮುದ್ರಿಸಿ, ಓಡಿಹೋಗಿ ಎತ್ತಿಕೊಂಡು ಬರುವುದೆಂದು ಲೆಕ್ಕ ಹಾಕಿದ್ದೆ.

ಆ ಮಧ್ಯಾಹ್ನ ಗುಂಡ್ಯದ ಕಡೆಯಿಂದ ಗುಡುಗು ಕೇಳಿಸಿತು. ನಮ್ಮ ಕಡೆ ಗುಡುಗಿತೆಂದರೆ ಸಾಕು, ಮನೆಯಲ್ಲಿ ಯಾರಾದರೊಬ್ಬರು ಎದ್ದು ಟಿವಿ, ಫ್ರಿಜ್, ವೈಫೈ ಎಲ್ಲದರ ಪ್ಲಗ್ ಎಳೆದುಹಾಕುತ್ತಾರೆ. ಸಿಡಿಲಿಗೆ ಒಂದೆರಡು ಸಾಮಾನು ಸುಟ್ಟುಹೋದ ಮೇಲೆ ಬುದ್ಧಿ ಬಂದವರು ನಾವು. ಅತ್ತೆ ಎಲ್ಲವನ್ನೂ ಎಳೆದೇ ಮಲಗಿದ್ದರು. ಒಳಗೆ ಬ್ಯಾಟರಿಯ ಮೇಲೆ ಕೆಲಸ ಮಾಡುತ್ತಿದ್ದ ನನಗೆ ಅದು ಹೊಳೆಯಲೇ ಇಲ್ಲ. ಪ್ರಿಂಟ್ ಒತ್ತಿದೆ; ಚಾವಡಿಯಲ್ಲಿ ಸದ್ದಿಲ್ಲ. ಮತ್ತೆ ಒತ್ತಿದೆ. ಸಿಟ್ಟು ಬಂದು ಇನ್ನೂ ನಾಲ್ಕು ಸಲ ಒತ್ತಿದೆ. “ಹಾಳಾಗಿ ಹೋಗು,” ಎಂದು ಅದಕ್ಕೆ ಬೈದು, ನಾಳೆ ಆಲಂಕಾರು ಪೇಟೆಯ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದರಾಯಿತೆಂದು ಚಾ ಮಾಡಲು ಎದ್ದೆ.

ಮಳೆ ಬರಲಿಲ್ಲ, ಗುಡುಗೂ ನಿಂತಿತು. ಚಾ ಕುದಿಯುವ ಹೊತ್ತಿಗೆ ಚಾವಡಿಯಿಂದ ಪ್ರಿಂಟರಿನ ಸದ್ದು. ಅತ್ತೆ ಎದ್ದು ವೈಫೈಯದ್ದೂ ಸೇರಿ ಎಲ್ಲ ಪ್ಲಗ್ ಹಾಕಿ ಕಂಪ್ಯೂಟರ್ ಆನ್ ಮಾಡಿದ್ದರು. ನಾನು ಒತ್ತಿದ್ದೆಲ್ಲ ಒಂದರ ಹಿಂದೆ ಒಂದು ಹೊರಬರುತ್ತಿತ್ತು. ಹೋಗಿ ಕಸಿದುಕೊಳ್ಳಲೇ? ಏನೆಂದು ಹೇಳಲಿ? ಸದ್ದು ನಿಂತ ಮೇಲೂ ಸ್ವಲ್ಪ ಹೊತ್ತು ಅಡುಗೆಮನೆಯಲ್ಲೇ ನಿಂತಿದ್ದು, ಕಡೆಗೆ ಎರಡು ಲೋಟ ಚಾ ಹಿಡಿದುಕೊಂಡು ಹೋದೆ.

ಅತ್ತೆಯ ಮಡಿಲಲ್ಲಿ ಆರು ಹಾಳೆ, ಕೈಯಲ್ಲಿ ಪೆನ್ನು.

“ಎಂತ ಮಾರಾಯ್ತಿ ಇದು, ಆರು ಶಾಲೆಗೆ ಕೊಡುದಾ?”

“ಒಂದಕ್ಕೇ ಅತ್ತೆ. ಸಿಕ್ಕಿದ ಮೇಲೆ ಹೇಳುವ ಅಂತ ಇದ್ದೆ.”

“ಅದಿರ್ಲಿ. ಇದ್ರಲ್ಲಿ ಸುಳ್ಳು ಬರೆಯುದು ಯಾಕೆ?”

ನಾನು ಲೋಟಗಳನ್ನು ಕೆಳಗಿಟ್ಟೆ. ಅವರು ಒಂದು ಹಾಳೆ ಮುಂದೆ ಚಾಚಿದರು. ‘ಬೋಧನೆಯ ಅನುಭವ’ ಎಂಬಲ್ಲಿ ನಾನು ‘ಇಲ್ಲ’ ಎಂದು ಬರೆದಿದ್ದೆ. ಅದನ್ನು ಹೊಡೆದುಹಾಕಿ ಅವರು ದಪ್ಪಗೆ ಬರೆದಿದ್ದರು: ‘ಒಂಬತ್ತು ವರ್ಷ. ನಮ್ಮ ಚಾವಡಿಯಲ್ಲಿ.’

ದಿನಾ ಸಂಜೆ ನೆರೆಕರೆಯ ಮಕ್ಕಳು ಪುಸ್ತಕ ಹಿಡಿದುಕೊಂಡು ಬಂದು, ನನ್ನಿಂದ ಗಣಿತ ಹೇಳಿಸಿಕೊಂಡು ಹೋಗುವುದನ್ನು ನಾನು ಎಂದೂ ಒಂದು ಕೆಲಸವೆಂದು ತಿಳಿದಿರಲಿಲ್ಲ. ಅದೇ ಚಾವಡಿಯ ಮೂಲೆಯಲ್ಲಿ ಹಾಡು ಟೈಪ್ ಮಾಡುತ್ತಾ ಅತ್ತೆ ಎಲ್ಲವನ್ನೂ ನೋಡಿದ್ದರು. ನನಗೆ ಆದ ಖುಷಿ ಬಿ.ಎಡ್. ಫಲಿತಾಂಶ ಬಂದ ದಿನವೂ ಆಗಿರಲಿಲ್ಲ.

“ಆರರಲ್ಲೂ ತಿದ್ದಿದ್ದೇನೆ. ಯಾವುದು ಬೇಕಾದ್ರೂ ಕೊಡು,” ಎಂದು ಅವರು ಚಾ ಎತ್ತಿಕೊಂಡರು.

ಹೊಸದಾಗಿ ಟೈಪ್ ಮಾಡಿ ಚೊಕ್ಕ ಪ್ರತಿಯೊಂದನ್ನು ತೆಗೆಯಬಹುದಿತ್ತು; ಪ್ರಿಂಟರ್ ಆನ್ ಇತ್ತು. ಮರುದಿನ ಶಾಲೆಗೆ ನಾನು ಅತ್ತೆ ತಿದ್ದಿದ್ದನ್ನೇ ಕೊಟ್ಟುಬಂದೆ.